ದೇವದೂತರಿಗೂ ದೊರೆಯದ ಭಾಗ್ಯ

ಸೆಪ್ಟೆಂಬರ್ 29 ಮಹಾದೂತರಾದ ಮಿಕಾಯೇಲ, ಗಬ್ರಿಯೇಲ, ರಫಾಯೇಲರ ಹಬ್ಬ. ಅಕ್ಟೋಬರ್ 2 ಕಾವಲುದೂತರ ಸ್ಮರಣೆಯ ದಿನ. ಧರ್ಮಸಭೆಯ ಪಂಚಾಂಗದಲ್ಲಿ ಹೀಗೆ ಒತ್ತೊತ್ತಾಗಿ ಬರುವ ಈ ದಿನಗಳ ಹಿನ್ನೆಲೆಯಲ್ಲಿ, ದೇವದೂತನೊಬ್ಬನನ್ನೇ ನಾಯಕನನ್ನಾಗಿಸಿದ ಒಂದು ಚಲನಚಿತ್ರದ ಕುರಿತು ಓದುಗರೊಡನೆ ಎರಡು ಮಾತು ಹಂಚಿಕೊಳ್ಳುವುದು ಉಚಿತವೆಂದು ಭಾವಿಸುತ್ತೇವೆ.

1998ರಲ್ಲಿ ತೆರೆಕಂಡ, ಬ್ರಾಡ್ ಸಿಲ್ಬರ್ಲಿಂಗ್ ನಿರ್ದೇಶನದ 'ಸಿಟಿ ಆಫ್ ಏಂಜಲ್ಸ್' ಅನೇಕರ ಕಣ್ಣು ತೇವಗೊಳಿಸಿದ ಚಿತ್ರ. ಜರ್ಮನಿಯ ವಿಮ್ ವೆಂಡರ್ಸ್ 1987ರಲ್ಲಿ ಬರ್ಲಿನ್ ನಗರವನ್ನು ಕೇಂದ್ರವಾಗಿಸಿ ನಿರ್ಮಿಸಿದ ಚಿತ್ರವೇ ಇದಕ್ಕೆ ಮೂಲ. ಲಾಸ್ ಏಂಜಲೀಸ್ ನಗರದ ಆಸ್ಪತ್ರೆಯೊಂದರಲ್ಲಿ ರೋಗಿಯ ಪ್ರಾಣವನ್ನುಳಿಸಲು ಹೆಣಗುತ್ತಿರುವ ಹೃದಯತಜ್ಞೆ ಮ್ಯಾಗಿ. ಅದೇ ರೋಗಿಯ ಆತ್ಮವನ್ನು ಕರೆದೊಯ್ಯಲು ಬಂದು, ಯಾರ ಕಣ್ಣಿಗೂ ಕಾಣದೆ ನಿಂತಿರುವ ದೂತ ಸೇತ್. ಆಕೆಯ ಹೋರಾಟವನ್ನೂ ಸೋತ ಬಳಿಕದ ಕಣ್ಣೀರನ್ನೂ ಕಂಡ ದೂತ ಅವಳಲ್ಲಿ ಅನುರಕ್ತನಾಗುತ್ತಾನೆ. ಸ್ಪರ್ಶವರಿಯದ, ರುಚಿಯರಿಯದ ಅಮರತ್ವವನ್ನು ತೊರೆದು ಮನುಷ್ಯನಾಗುತ್ತಾನೆ. ಆದರೆ ಅವರಿಬ್ಬರೂ ಒಂದಾದ ಮರುದಿನವೇ, ಅವನಿಗಾಗಿ ಹಣ್ಣು ತರಲು ಸೈಕಲ್ಲಿನಲ್ಲಿ ಹೋದ ಮ್ಯಾಗಿ ಲಾರಿಗೆ ಢಿಕ್ಕಿಯಾಗಿ ಅಸುನೀಗುತ್ತಾಳೆ.

ಇಂಥ ಕಥೆಯನ್ನು ವಿಶ್ವಾಸದ ವಿರೋಧವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ದೂತರು ಕೇವಲ ಆತ್ಮಸ್ವರೂಪಿಗಳು. ಬುದ್ಧಿ ಮತ್ತು ಇಚ್ಛಾಶಕ್ತಿಯುಳ್ಳವರು. ಮರಣವಿಲ್ಲದವರು ಎಂದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥ ಸ್ಪಷ್ಟವಾಗಿ ಬೋಧಿಸುತ್ತದೆ. ದೂತ ಮನುಷ್ಯನಾಗುವುದಿಲ್ಲ. ತೊಬೀತನ ಗ್ರಂಥದಲ್ಲಿ ಯುವಕ ತೊಬಿಯಾಸನಿಗೆ ದಾರಿಯುದ್ದಕ್ಕೂ ಜೊತೆಗಾರನಾಗಿ, ಸಾರಳೊಡನೆ ಅವನ ವಿವಾಹವನ್ನೂ ನೆರವೇರಿಸಿದ ರಫಾಯೇಲ ಕಟ್ಟಕಡೆಗೆ ತಾನು ಯಾರೆಂಬುದನ್ನು ಪ್ರಕಟಿಸುತ್ತಾನೆ; ತಾನು ಊಟ ಮಾಡಿದಂತೆ ಅವರಿಗೆ ತೋರಿತೇ ಹೊರತು ನಿಜವಾಗಿ ಉಣ್ಣಲಿಲ್ಲವೆನ್ನುತ್ತಾನೆ. ಪರರ ಮದುವೆಯ ಸಂತೋಷಕ್ಕಾಗಿ ದುಡಿದು, ಆ ಮದುವೆಯೂಟದ ರುಚಿಯನ್ನು ಬಯಸದೆ, ದೇವರನ್ನು ಸ್ತುತಿಸಿರೆಂದು ಹೇಳಿ ಮರೆಯಾದ ದೂತ ಆತ. ಸೇತ್‌ನಿಗೂ ರಫಾಯೇಲನಿಗೂ ಇರುವ ಅಂತರವಿದು.

ಹಾಗಿದ್ದರೂ ಈ ಚಿತ್ರ ಒಂದು ಸತ್ಯದ ಬಾಗಿಲಲ್ಲಿ ಬಂದು ನಿಂತಿದೆಯೆಂದು ನಮಗನಿಸುತ್ತದೆ. ನಾವು ನಿತ್ಯ ಅಲಕ್ಷಿಸುವ ಈ ದೇಹ, ಹಣ್ಣಿನ ರುಚಿ, ಕೈಯ ಬಿಸುಪು, ಮುಖಕ್ಕೆ ತಾಕುವ ಗಾಳಿ, ಇವೆಲ್ಲ ಸ್ವರ್ಗಲೋಕದವನೂ ಆಶಿಸುವಷ್ಟು ಅಮೂಲ್ಯ ವರಗಳೆಂದು ಅದು ಹೇಳುತ್ತದೆ. ಆದರೆ ಮನುಷ್ಯನ ಮೇಲಿನ ಪ್ರೀತಿಗಾಗಿ ಸ್ವರ್ಗದಿಂದ ಇಳಿದುಬಂದವನು ದೂತನಲ್ಲ, ದೇವಪುತ್ರನೇ ಎಂಬುದು ನಮ್ಮ ವಿಶ್ವಾಸ. ಆತ ದೂತರ ಕೈಹಿಡಿಯಲಿಲ್ಲ, ಅಬ್ರಹಾಮನ ಸಂತತಿಯ ಕೈಹಿಡಿದನೆಂಬುದು ಹಿಬ್ರಿಯರಿಗೆ ಬರೆದ ಪತ್ರದ ಬೋಧನೆ. ರಕ್ತಮಾಂಸಗಳಲ್ಲಿ ಪಾಲುಗೊಂಡು, ಹಸಿದು, ದಣಿದು, ಸ್ನೇಹಿತನ ಸಮಾಧಿಯೆದುರು ಅತ್ತು, ಕೊನೆಗೆ ಸಾವನ್ನೂ ಸವಿದವನು ಆತ. ಸೇತ್ ತನ್ನ ಪ್ರೀತಿಯನ್ನು ಪಡೆಯಲು ಇಳಿದುಬಂದ. ಕ್ರಿಸ್ತರು ತಮ್ಮನ್ನೇ ಕೊಡಲು ಇಳಿದುಬಂದರು.

ಈ ವಿಷಯ ಪಂಡಿತರ ಚರ್ಚೆಗಷ್ಟೇ ಸೀಮಿತವಾದುದಲ್ಲ. ನಮ್ಮ ಸಾವಿನ ಮನೆಗಳಲ್ಲಿ ಕೇಳಿಬರುವ ಒಂದು ಮಾತನ್ನು ಗಮನಿಸಿ. ಎಳೆಯ ಮಗುವನ್ನು ಕಳೆದುಕೊಂಡ ತಾಯಿಗೆ, "ಅಳಬೇಡಮ್ಮಾ, ದೇವರಿಗೆ ಒಬ್ಬ ದೂತ ಬೇಕಿತ್ತು, ನಿನ್ನ ಮಗು ಈಗ ದೇವದೂತನಾಗಿದೆ" ಎಂದು ನಾವು ಸಾಂತ್ವನ ಹೇಳುತ್ತೇವೆ. ಸದುದ್ದೇಶದ ಮಾತೇ ನಿಜ. ಆದರೆ ಆ ತಾಯಿಗೆ ಬೇಕಾದುದು ದೂತನಲ್ಲ, ಅವಳ ಮಗು. ವಿಚಿತ್ರವೆಂದರೆ ಈ ಚಿತ್ರವೇ ಇದನ್ನು ನಮಗಿಂತ ಚೆನ್ನಾಗಿ ಅರಿತಿದೆ. ಅದರ ಆರಂಭದಲ್ಲಿ ಜ್ವರದಿಂದ ಸಾಯುವ ಪುಟ್ಟ ಹುಡುಗಿಗೆ ರೆಕ್ಕೆಗಳ ಆಸೆ. ದೂತರೆಂದೂ ಮನುಷ್ಯರಾಗಿರಲಿಲ್ಲ, ಅವಳಿಗೆ ನಿಜವನ್ನೇ ಹೇಳಬೇಕಿತ್ತು ಎನ್ನುತ್ತಾನೆ ಸೇತ್‌ನ ಸಂಗಾತಿ. ಪುನರುತ್ಥಾನದಲ್ಲಿ ಮದುವೆಯಿಲ್ಲ, ಜನರು ದೂತರಂತಿರುವರೆಂದು ಪ್ರಭು ಹೇಳಿದ್ದುಂಟು. ದೂತರೇ ಆಗುವರೆಂದು ಹೇಳಲಿಲ್ಲ. ನಾವು ಭಾನುವಾರದ ಬಲಿಪೂಜೆಯಲ್ಲಿ ಸಾರುವ ವಿಶ್ವಾಸಪ್ರಮಾಣ ಸತ್ತವರ ಪುನರುತ್ಥಾನವನ್ನು ನಿರೀಕ್ಷಿಸುತ್ತದೆ. ಅಂದರೆ ಅದೇ ಮಗು, ಜ್ಞಾನಸ್ನಾನದಲ್ಲಿ ಪಡೆದ ಅದೇ ಹೆಸರಿನಿಂದ, ಮಹಿಮೆಗೊಂಡ ದೇಹದೊಡನೆ ತಾಯಿಗೆ ಎದುರಾಗುವ ಭರವಸೆ. ದೂತರಿಗೂ ದೊರೆಯದ ಭಾಗ್ಯವಿದು. ಇದಕ್ಕಿಂತ ಕಡಿಮೆಯದನ್ನು ದುಃಖಿತರ ಕೈಗೆ ನಾವೇಕೆ ಕೊಡಬೇಕು?

ಸೇತ್‌ನ ಕಥೆ ಮುಗಿಯುವುದು ನೆನಪಿನಲ್ಲಿ. ಅನುಭವಿಸಿದ ಒಂದು ಸ್ಪರ್ಶವೇ ಶಾಶ್ವತತೆಗಿಂತ ಮೇಲೆಂಬ ನಂಬಿಕೆಯೊಡನೆ ಅವನು ಕಡಲಿಗಿಳಿಯುತ್ತಾನೆ. ಪ್ರೇಕ್ಷಕ ಅಳುವುದು ಸಹಜ. ಆದರೆ ಪ್ರೀತಿ ಮತ್ತು ಶಾಶ್ವತತೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಸಂಕಟ ಕ್ರೈಸ್ತನಿಗಿಲ್ಲ.

ಆ ಚಿತ್ರದ ದೂತರಿಂದ ಒಂದನ್ನಂತೂ ನಾವು ಕಲಿಯಬಹುದು. ಅವರು ಸಾಯುವವರ ಬಳಿ ಸುಮ್ಮನೆ ಕುಳಿತಿರುತ್ತಾರೆ. ನೊಂದವರ ಹೆಗಲ ಮೇಲೆ ಕೈಯಿಡುತ್ತಾರೆ. ಆ ಕೈಯ ಬಿಸುಪನ್ನು ರೋಗಿ ಅರಿಯಲಾರ. ನಮ್ಮ ಕೈಯ ಬಿಸುಪನ್ನಾದರೋ ಆತ ಅರಿಯಬಲ್ಲ. ಕಾವಲುದೂತರನ್ನು ಸ್ಮರಿಸುವ ಈ ದಿನಗಳಲ್ಲಿ ನಮ್ಮ ಧರ್ಮಕೇಂದ್ರದ ವ್ಯಾಪ್ತಿಯಲ್ಲಿ ಹಾಸಿಗೆ ಹಿಡಿದಿರುವ ಒಬ್ಬರ ಬಳಿಯಾದರೂ ಹೋಗಿ ಅರ್ಧ ಗಂಟೆ ಕುಳಿತು ಬರೋಣ. ದೇವರು ದೂತರಿಗೆ ಕೊಡದೆ ನಮಗೆ ಕೊಟ್ಟ ಕೈಗಳು ಅದಕ್ಕಾಗಿಯೇ ಇವೆ.