ಹಿತ್ತಲಿನಲ್ಲಿ ನೋಡುವವನೇ ಯಜಮಾನ

ಬಂಡೀಪುರದ ಸಫಾರಿ ವಾಹನದಲ್ಲಿ ಕೂತು ಹುಲಿ ನೋಡಿದವನಿಗೆ ಆ ಹುಲಿಯ ಬದುಕಿನ ಮೇಲೆ ಯಾವ ಅಧಿಕಾರವೂ ಇಲ್ಲ. ಅದರ ಕಾಡನ್ನು ಉಳಿಸುವುದಾಗಲಿ ಕಡಿಯುವುದಾಗಲಿ ಅವನ ಕೈಯಲ್ಲಿಲ್ಲ. ನೋಡಿದ, ಫೋಟೊ ತೆಗೆದ, ಊರಿಗೆ ಬಂದ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ತೋಟದ ಮನೆಯ ಹಿತ್ತಲಲ್ಲಿ ನಿಂತು ಹಕ್ಕಿ ನೋಡುವವನ ಸಂಗತಿ ಹಾಗಲ್ಲ. ಹಕ್ಕಿ ಕೂತ ಮರ ಅವನದು. ಅದು ಕುಕ್ಕುವ ಬಾಳೆಹಣ್ಣೂ ಅದು ಮೀಯುವ ಬಚ್ಚಲ ಕಾಲುವೆಯೂ ಅವನವೇ. ಆ ಮರ ಮುಂದಿನ ಮಳೆಗಾಲಕ್ಕೆ ಇರಬೇಕೋ ಬೇಡವೋ ಎಂದು ತೀರ್ಮಾನಿಸುವವನೂ ಅವನೇ. ಈಗ ಬಹಳಷ್ಟು ಮನೆಗಳಲ್ಲಿ ಕ್ಯಾಮೆರಾ ಇದೆ, ಇಲ್ಲದಿದ್ದರೆ ಒಳ್ಳೆಯ ಮೊಬೈಲ್ ಇದೆ. ಮಂಗಟ್ಟೆ, ಕೆಂದಳಿಲು, ಹಾರುವ ಓತಿಗಳ ಚಿತ್ರ ವಾಟ್ಸಾಪಿನಲ್ಲಿ ದಿನವೂ ಹರಿದಾಡುತ್ತದೆ. ಈ ನೋಟ ಬರಿಯ ಹವ್ಯಾಸವೋ, ನೋಡಿದವನ ಮೇಲೆ ಏನಾದರೂ ಹೊಣೆಯನ್ನೂ ಹೊರಿಸುತ್ತದೋ? ಹೊರಿಸುತ್ತದೆ, ಅದೂ ಕಾಡಿಗೆ ಹೋಗಿ ನೋಡುವವನಿಗಿಂತ ಹೆಚ್ಚಾಗಿ ಹೊರಿಸುತ್ತದೆ ಎಂಬುದು ನನ್ನ ವಾದ.

ಮಲೆನಾಡಿನ ಹಿತ್ತಲಿಗೆ ಬೇಲಿ ಇರುತ್ತದೆ, ಗಡಿ ಇರುವುದಿಲ್ಲ. ಮನೆಯ ಹಿಂದೆ ಕೊಟ್ಟಿಗೆ, ಗೊಬ್ಬರದ ಗುಂಡಿ, ಬಸಳೆ ಚಪ್ಪರ. ಅದರಾಚೆ ಅಡಿಕೆ ತೋಟ. ತೋಟದ ತಲೆಯ ಮೇಲೆ ಸೊಪ್ಪಿನ ಬೆಟ್ಟ. ಬೆಟ್ಟ ಎಲ್ಲಿ ಮುಗಿಯಿತು, ಕಾನು ಎಲ್ಲಿ ಶುರುವಾಯಿತು ಎಂಬುದು ಮಂಗಟ್ಟೆಗೆ ಗೊತ್ತಿಲ್ಲ. ಎಷ್ಟೋ ಸಲ ಸರ್ವೆಗೆ ಬಂದವರಿಗೂ ಗೊತ್ತಾಗುವುದಿಲ್ಲ. ಹಾಗಾಗಿಯೇ ಪಿಕಳಾರ, ಮಡಿವಾಳ, ಕುಟ್ರುಹಕ್ಕಿಗಳಂಥ ಮನೆಬಳಕೆಯ ಹಕ್ಕಿಗಳ ಜತೆ ಭೀಮರಾಜ, ಕಾಡುಕೋಳಿ, ಸಿಳ್ಳಾರಗಳೂ ಇಲ್ಲಿ ಕಣ್ಣಿಗೆ ಬೀಳುತ್ತವೆ. ಚಳಿ ಹುಟ್ಟಿದರೆ ಉತ್ತರದಿಂದ ನವರಂಗ ಬಂದು ತೋಟದ ದರಗು ಕೆದಕುತ್ತದೆ.

ಇದನ್ನೆಲ್ಲ ಪ್ರಕೃತಿಯ ಕೊಡುಗೆ ಎಂದು ಸುಮ್ಮನಾಗುವುದು ಸುಲಭ. ಆದರೆ ಅದು ಅರ್ಧ ಮಾತ್ರ ನಿಜ. ನಮ್ಮ ನೆರೆಯ ಉತ್ತರ ಕನ್ನಡ ಜಿಲ್ಲೆಯ ಅಡಿಕೆ ಸೀಮೆಯಲ್ಲಿ ಜೈ ರಂಗನಾಥನ್, ರಂಜಿತ್ ಡೇನಿಯಲ್ಸ್, ಎಂ. ಡಿ. ಸುಭಾಷ್ ಚಂದ್ರನ್ ಮತ್ತು ಅಮೆರಿಕದ ವಿಜ್ಞಾನಿಗಳು ಕೂಡಿ ನಡೆಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಆ ಭಾಗದ ಕಾಡಿನ ಹಕ್ಕಿಗಳಲ್ಲಿ ಶೇ. 90ರಷ್ಟು ಜಾತಿಗಳು ಅಡಿಕೆ ತೋಟಗಳಲ್ಲೂ ಇವೆ ಎಂದು ಅದು ತೋರಿಸಿತು. ಎರಡು ಸಾವಿರ ವರ್ಷಕ್ಕೂ ಮೇಲ್ಪಟ್ಟು ಬೇಸಾಯ ನಡೆದ ನೆಲದಲ್ಲಿ ಇದು ಹೇಗೆ ಸಾಧ್ಯವಾಯಿತು? ಅಡಿಕೆಯ ಕೆಳಗೆ ಬಾಳೆ, ಏಲಕ್ಕಿ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಹೀಗೆ ಹಂತಹಂತವಾಗಿ ನೆರಳು ಇತ್ತು. ಗೊಬ್ಬರಕ್ಕೆ ಬೆಟ್ಟದ ಸೊಪ್ಪು, ದರಗು ಬೇಕಿತ್ತು. ಸೊಪ್ಪು ಬೇಕಾದ್ದರಿಂದ ಬೆಟ್ಟ ಉಳಿಯಿತು, ಬೆಟ್ಟ ಉಳಿದದ್ದರಿಂದ ಹಕ್ಕಿ ಉಳಿಯಿತು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ತೋಟಗಳ ಕಟ್ಟೋಣವೂ ಇದೇ. ಹಿತ್ತಲಲ್ಲಿ ಕಂಡ ಹಕ್ಕಿ ತಾನಾಗಿ ಹಾರಿ ಬಂದ ಅತಿಥಿಯಲ್ಲ. ಮನೆಯವರು ತಲೆಮಾರುಗಳಿಂದ ತಿಳಿದೋ ತಿಳಿಯದೆಯೋ ಸಾಕಿಕೊಂಡು ಬಂದದ್ದು. ಸಾಕಿದ್ದನ್ನು ಕೈಬಿಡುವುದೂ ಅದೇ ಮನೆಯವರಿಂದ ಸಾಧ್ಯ.

ಇಲ್ಲಿ ಕ್ಯಾಮೆರಾದ ಸ್ವಭಾವವನ್ನು ಸ್ವಲ್ಪ ನೋಡಬೇಕು. ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' ಓದಿದವರಿಗೆ ಈ ಸೀಮೆಯಲ್ಲಿ ಬೇಟೆ ಎಷ್ಟು ಸಹಜವಾಗಿತ್ತು ಎಂಬುದು ಗೊತ್ತು. ಜಗಲಿಯ ಗೋಡೆಗೆ ಕೋವಿ, ಅದರ ಪಕ್ಕ ಕಾಟಿ ಕೊಂಬು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೋವಿಯ ಕೆಲಸ ಕಡಿಮೆಯಾಯಿತು, ಆದರೆ ಬೇಟೆಗಾರನ ಚಪಲ ಅಷ್ಟು ಬೇಗ ಹೋಗುವಂಥದ್ದಲ್ಲ. ಅಪರೂಪದ್ದೇ ಬೇಕು, ಹತ್ತಿರದಿಂದಲೇ ಸಿಗಬೇಕು, ಮೊದಲು ನನಗೇ ಸಿಗಬೇಕು, ಸಿಕ್ಕಿದ್ದನ್ನು ನಾಲ್ಕು ಜನಕ್ಕೆ ತೋರಿಸಬೇಕು. ಹಳೆಯ ಜಗಲಿಯ ಮಾತು ಹೊಸ ಪರದೆಗೆ ಬಂದಿದೆ, ಅಷ್ಟೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಗಂಡುಹಕ್ಕಿಯನ್ನು ಎದುರಿಗೆ ಕರೆಯುವವರಿದ್ದಾರೆ. ತನ್ನ ಜಾಗಕ್ಕೆ ಎದುರಾಳಿ ನುಗ್ಗಿದ ಎಂದು ನಂಬಿದ ಹಕ್ಕಿ ಮೇವು ಬಿಟ್ಟು, ಗೂಡು ಬಿಟ್ಟು, ಇಲ್ಲದ ಶತ್ರುವನ್ನು ಹುಡುಕುತ್ತಾ ಸುಸ್ತಾಗುತ್ತದೆ. ಚಿತ್ರ ಮಾತ್ರ ಚೆನ್ನಾಗಿ ಬರುತ್ತದೆ.

ಗೂಡಿನ ವಿಷಯ ಇನ್ನೂ ಸೂಕ್ಷ್ಮ. ಸೂರಕ್ಕಿಯನ್ನೇ ನೋಡಿ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಈ ಹಕ್ಕಿ ಎಷ್ಟೋ ಸಲ ಮನೆಯ ಹತ್ತಿರವೇ, ದಾಸವಾಳದ ರೆಂಬೆಗೋ ಬಟ್ಟೆ ಒಣಹಾಕುವ ತಂತಿಗೋ ಗೂಡು ನೇತುಹಾಕುತ್ತದೆ. ಕಟ್ಟುವ ಕೆಲಸ ಹೆಚ್ಚಾಗಿ ಹೆಣ್ಣಿನದು. ಜೇಡರ ಬಲೆಯ ಎಳೆ ತಂದು ಸುತ್ತುತ್ತದೆ, ಅದಕ್ಕೆ ತೊಗಟೆಯ ಚೂರು, ಒಣಗಿದ ಎಲೆ, ಹುಳದ ಹಿಕ್ಕೆ ಎಲ್ಲವನ್ನೂ ಅಂಟಿಸುತ್ತದೆ. ಪಕ್ಕದಲ್ಲೊಂದು ಬಾಯಿ, ಬಾಯಿಯ ಮೇಲೆ ಮಳೆನೀರು ಒಳಗೆ ಬೀಳದಂತೆ ಪುಟ್ಟ ಸೂರು. ದೂರದಿಂದ ನೋಡಿದರೆ ಬಲೆಗೆ ಸಿಕ್ಕಿ ಜೋತುಬಿದ್ದ ಕಸ. ಹಾಗೆ ಕಾಣಲಿ ಎಂಬುದೇ ಅದರ ಉಪಾಯ. ಚಿತ್ರ ತೆಗೆಯುವವನಿಗೆ ಮುಂದಿನ ಎರಡು ಎಲೆ ಅಡ್ಡ ಬರುತ್ತವೆ. ಎಲೆ ಚಿವುಟಿದರೆ ಬೆಳಕು ಬೀಳುತ್ತದೆ, ಮರಿಯ ಕೆಂಪು ಬಾಯಿ ಸ್ಪಷ್ಟವಾಗಿ ಕಾಣುತ್ತದೆ. ಅವನಿಗೆ ಕಂಡದ್ದು ಕೆಂಬೂತಕ್ಕೂ ಕಾಣುತ್ತದೆ. ಅವನು ಚಿತ್ರ ತೆಗೆದು ಒಳಗೆ ಹೋದ ಮೇಲೆ ನಡೆಯುವುದು ಚಿತ್ರದಲ್ಲಿ ಬರುವುದಿಲ್ಲ. ವನ್ಯಜೀವಿ ಕಾಯ್ದೆ ಬೇಟೆಯ ವ್ಯಾಖ್ಯೆಯೊಳಗೇ ಹಕ್ಕಿಗಳ ಮೊಟ್ಟೆ, ಗೂಡು ಕೆದಕುವುದನ್ನೂ ಸೇರಿಸಿರುವುದು ಸುಮ್ಮನೆ ಅಲ್ಲ. ಅನೇಕ ಛಾಯಾಚಿತ್ರ ಸ್ಪರ್ಧೆಗಳು ಗೂಡಿನ ಚಿತ್ರವನ್ನು ತೆಗೆದುಕೊಳ್ಳುವುದನ್ನೇ ಬಿಟ್ಟಿವೆ.

ಹಾಗಾದರೆ ಕ್ಯಾಮೆರಾ ಮೂಲೆಗೆ ಇಡಬೇಕೇ? ಬೇಡ. ಅದರಿಂದ ಕೆಲಸ ತೆಗೆದುಕೊಳ್ಳುವ ಬಗೆ ಬದಲಾಗಬೇಕು. ಕಾಡಿಗೆ ಹೋದವನಿಗೆ ಅಪರೂಪದ್ದು ಸಿಕ್ಕರೆ ಅದೃಷ್ಟ. ಹಿತ್ತಲಿನವನ ಬಲವಿರುವುದು ಒಂದೇ ಜಾಗವನ್ನು ವರ್ಷವಿಡೀ ನೋಡಬಲ್ಲ ಎಂಬುದರಲ್ಲಿ. ಮಾಮೂಲಿ ಹಕ್ಕಿಯ ಮಸುಕು ಚಿತ್ರಕ್ಕೆ ತಾರೀಕು ಸೇರಿದರೆ ಅದು ದಾಖಲೆ. 2023ರ 'ಭಾರತದ ಹಕ್ಕಿಗಳ ಸ್ಥಿತಿಗತಿ' ವರದಿ 942 ಜಾತಿಗಳ ಲೆಕ್ಕ ಕೊಟ್ಟಿತು. ಅದರ ಹಿಂದೆ ಇದ್ದದ್ದು 30 ಸಾವಿರಕ್ಕೂ ಹೆಚ್ಚು ಹವ್ಯಾಸಿಗಳು ಬರೆದಿಟ್ಟ ಸುಮಾರು ಮೂರು ಕೋಟಿ ಟಿಪ್ಪಣಿಗಳು. ಒಣನಾಡಿನ ಹಕ್ಕಿಯೆಂದು ನಾವು ತಿಳಿದಿದ್ದ ನವಿಲು ಪಶ್ಚಿಮಘಟ್ಟದ ಮಳೆಕಾಡಿನ ಸೀಮೆಗೂ ಹಬ್ಬಿದೆ ಎಂದು ಅದೇ ವರದಿ ಹೇಳಿತು. ಆದರೆ ಹೊಸನಗರದ ಒಂದು ಹಳ್ಳಿಗೆ ನವಿಲು ಯಾವ ವರ್ಷ ಬಂತು ಎಂದು ಕೇಳಿದರೆ 'ನಮ್ಮ ಅಜ್ಜನ ಕಾಲದಲ್ಲಿ ಇರಲಿಲ್ಲ' ಎಂಬಷ್ಟೇ ಉತ್ತರ. ಹಿತ್ತಲಿನಲ್ಲಿ ಮೊದಲು ನವಿಲು ಕಂಡ ದಿನ ಯಾರಾದರೂ ಡೈರಿಯಲ್ಲಿ ಒಂದು ಸಾಲು ಬರೆದಿದ್ದರೆ ಉತ್ತರ ಸಿಗುತ್ತಿತ್ತು. ತೇಜಸ್ವಿಯವರ 'ಕರ್ವಾಲೊ'ದಲ್ಲಿ ಹಾರುವ ಓತಿಯ ಸುಳಿವು ಇರುವುದು ಹಳ್ಳಿಯ ಮಂದಣ್ಣನ ಹತ್ತಿರ. ವಿಜ್ಞಾನಿ ಅವನ ಬೆನ್ನು ಹತ್ತುತ್ತಾನೆ. ಅಲ್ಲೇ ಇದ್ದು ನೋಡುವವನ ಕಣ್ಣಿಗೆ ಇರುವ ಬೆಲೆ ಅದು. ಪ್ರತಿ ಫೆಬ್ರವರಿಯಲ್ಲಿ ನಡೆಯುವ ಹಿತ್ತಲ ಹಕ್ಕಿ ಗಣತಿಗೆ ಕೊಡಬೇಕಾದದ್ದು ಹದಿನೈದು ನಿಮಿಷ ಮಾತ್ರ. ಅದಕ್ಕೆ ದುಬಾರಿ ಲೆನ್ಸೂ ಬೇಕಾಗಿಲ್ಲ.

ಇಲ್ಲಿನ ನೋಟ ಬರಿಯ ಸೊಗಸಿನ ಮಾತಲ್ಲ ಎಂಬುದಕ್ಕೆ ಇನ್ನೂ ಗಟ್ಟಿಯಾದ ಸಾಕ್ಷಿ ಮಂಗನ ಕಾಯಿಲೆ. 1957ರಲ್ಲಿ ಸಾಗರದ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಅದನ್ನು ಗುರುತಿಸಿದಾಗ, ವೈರಸ್ಸು ರಷ್ಯಾದ ಒಂದು ಉಣ್ಣೆಜ್ವರದ ವೈರಸ್ಸಿಗೆ ಬಹಳ ಹತ್ತಿರದ್ದು ಎಂದು ತಿಳಿಯಿತು. ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆ ಅದನ್ನು ಹೊತ್ತು ತಂದಿರಬಹುದೇ ಎಂಬ ಅನುಮಾನ ಹುಟ್ಟಿತು. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆ ಕೈಗೊಳ್ಳಲು ಈ ಅನುಮಾನವೂ ಒಂದು ಕಾರಣ. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ; ಭಾರತದ ಹಕ್ಕಿಗಳ ವಲಸೆಯ ಬಗ್ಗೆ ನಮಗಿರುವ ತಿಳಿವಳಿಕೆಗೆ ಮಾತ್ರ ಗಟ್ಟಿ ಬುನಾದಿ ಬಿತ್ತು. ಸಾಗರ ತಾಲ್ಲೂಕಿನ ಅರಳಗೋಡು ಸುತ್ತ 2019ರಲ್ಲಿ ಕಾಯಿಲೆ ಜೀವಗಳನ್ನು ಬಲಿ ತೆಗೆದುಕೊಂಡದ್ದನ್ನು ಈ ಕಡೆಯವರು ಮರೆತಿಲ್ಲ. ಕಾಯಿಲೆ ಬಂತೆಂಬ ಮೊದಲ ಸೂಚನೆ ತೋಟದಲ್ಲೋ ಬೆಟ್ಟದಲ್ಲೋ ಸತ್ತುಬಿದ್ದ ಮಂಗ. ಮಂಗ ಸತ್ತರೆ ಅದರ ಮೈಮೇಲಿನ ಉಣ್ಣೆ ಇಳಿದು ಸುತ್ತ ಹರಡುತ್ತದೆ. ಆದ್ದರಿಂದ ಹತ್ತಿರ ಹೋಗದೆ ದೂರದಿಂದಲೇ ಒಂದು ಚಿತ್ರ ತೆಗೆದು, ಜಾಗದ ಗುರುತು ಹೇಳಿ, ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ಕಳಿಸಿದರೆ ಔಷಧ ಸಿಂಪಡಿಸಲು, ಊರಿಗೆ ಎಚ್ಚರಿಕೆ ಕೊಡಲು ಸಮಯ ಸಿಗುತ್ತದೆ. ಯಾವ ಪ್ರದರ್ಶನದಲ್ಲೂ ತೂಗುಹಾಕಲಾಗದ ಆ ಚಿತ್ರ ಮಲೆನಾಡಿನ ಹಿತ್ತಲಲ್ಲಿ ತೆಗೆಯಬಹುದಾದ ಅತ್ಯಂತ ಉಪಯುಕ್ತ ವನ್ಯಜೀವಿ ಚಿತ್ರ.

ಇಷ್ಟು ಹೇಳುವಾಗ ತೋಟದವರ ಒಂದು ಮಾತು ಎದುರಿಗೆ ನಿಲ್ಲುತ್ತದೆ: 'ಫೋಟೊ ನಿಮ್ಮದು ಮಾರಾಯ್ರೇ, ಬಾಳೆಗೊನೆ ನಮ್ಮದು.' ಇದನ್ನು ನಕ್ಕು ತಳ್ಳಿಹಾಕುವಂತಿಲ್ಲ. ಎಳೆ ಅಡಿಕೆ ಕಚ್ಚಿ ಉದುರಿಸುವ ಮಂಗ, ಗದ್ದೆ ಹಾಳುಮಾಡುವ ಹಂದಿ, ಬಿತ್ತಿದ ಬೀಜ ಹೆಕ್ಕುವ ನವಿಲು ಇವುಗಳ ನಡುವೆ ಬೇಸಾಯ ಮಾಡುವವನಿಗೆ ಸೌಂದರ್ಯದ ಪಾಠ ಹೇಳುವುದು ಅಹಂಕಾರ. ಹಕ್ಕಿ ಹುಳ ತಿನ್ನುತ್ತದೆ, ಗೂಬೆ ಇಲಿ ಹಿಡಿಯುತ್ತದೆ ಎಂದು ಉಪಕಾರದ ಲೆಕ್ಕ ಕೊಟ್ಟು ಗೆಲ್ಲಲು ಹೊರಟರೂ ಮಂಗನ ಎದುರು ಆ ಲೆಕ್ಕ ಸೋಲುತ್ತದೆ. ನನ್ನ ಉತ್ತರ ಬೇರೆ: ನಷ್ಟವೂ ನೋಟದೊಳಗೆ ಬರಲಿ. ಹೊಸನಗರ ತಾಲ್ಲೂಕಿನಲ್ಲಿ ಮಂಗಗಳಿಗೊಂದು ಪಾರ್ಕ್ ಮಾಡಿ ಹಿಡಿದು ಅಲ್ಲಿ ಬಿಡೋಣ ಎಂಬ ಪ್ರಸ್ತಾಪ ಕೆಲವು ವರ್ಷಗಳ ಹಿಂದೆ ಬಂದಾಗ ಪರ ವಿರೋಧದ ಮಾತು ಜೋರಾಗಿಯೇ ನಡೆಯಿತು. ಇಂಥ ಚರ್ಚೆಗೆ ಬೇಕಾದ್ದು ಯಾವ ತಿಂಗಳು, ಯಾವ ಬೆಳೆಗೆ, ಎಷ್ಟು ಮಂಗ, ಆಗ ಬೆಟ್ಟದಲ್ಲಿ ಹಣ್ಣು ಇತ್ತೋ ಇಲ್ಲವೋ ಎಂಬ ವಿವರ. ಅದನ್ನು ಕೊಡಬಲ್ಲವನು ನಷ್ಟ ಅನುಭವಿಸಿದವನೊಬ್ಬನೇ. ಸುಂದರವಾದದ್ದನ್ನು ಮಾತ್ರ ಚೌಕಟ್ಟಿಗೆ ಹಾಕಿ, ಕಚ್ಚಿದ ಅಡಿಕೆಯನ್ನು ಹೊರಗಿಡುವ ಹವ್ಯಾಸ ಈ ಸೀಮೆಯ ಬಗ್ಗೆ ಸುಳ್ಳು ಹೇಳುತ್ತದೆ.

ಕಡೆಗೆ ಮಾತು ಬರುವುದು ಯಜಮಾನಿಕೆಗೆ. ಒಣಗಿ ನಿಂತ ಹಾಲುವಾಣದ ಕೊಂಬೆಯಲ್ಲಿ ಕುಟ್ರುಹಕ್ಕಿ ಪೊಟರೆ ಕೊರೆಯುತ್ತದೆ; ಅಸಹ್ಯವಾಗಿ ಕಾಣುತ್ತದೆಂದು ಆ ಕೊಂಬೆ ಕಡಿಸುವವರು ನಾವು. ಮಂಗಟ್ಟೆ ಗೂಡಿಗೆ ಹಳೆಯ ಮರದ ಪೊಟರೆಯೇ ಬೇಕು. ಸೊಪ್ಪಿನ ಬೆಟ್ಟದ ಹಳೆಯ ಮರ ಹೋಗಿ ಅಕೇಶಿಯ ಬಂದರೆ ಅದಕ್ಕೆ ಜಾಗವಿಲ್ಲ. ಸೊಪ್ಪು ಹೊರುವುದು ಕಷ್ಟವೆಂದು ಚೀಲದ ಗೊಬ್ಬರಕ್ಕೆ ತಿರುಗಿದರೆ ಬೆಟ್ಟ ಉಳಿಸಿಕೊಳ್ಳುವ ಕಾರಣವೇ ಸಡಿಲವಾಗುತ್ತದೆ. ಕೆಲಸದವರು ಸಿಗುವುದಿಲ್ಲವೆಂದು ಕಳೆನಾಶಕ ಹೊಡೆದರೆ ನವರಂಗ ಕೆದಕುವ ನೆಲದಲ್ಲಿ ಹುಳ ಉಳಿದೀತೇ? ಇವು ಯಾವುವೂ ಅರಣ್ಯ ಇಲಾಖೆಯ ತೀರ್ಮಾನಗಳಲ್ಲ. ಊಟದ ಹೊತ್ತಿಗೆ ಮನೆಯಲ್ಲಿ ಆಗುವ ತೀರ್ಮಾನಗಳು. ಅಡಿಕೆಯ ದರ, ಎಲೆಚುಕ್ಕಿ ರೋಗ, ಮಕ್ಕಳ ಓದು ಎಲ್ಲವೂ ಅಲ್ಲಿ ತೂಕಕ್ಕೆ ಬರುತ್ತವೆ, ಬರಲೇಬೇಕು. ಹಕ್ಕಿಯೇ ಪ್ರತಿಸಲ ಗೆಲ್ಲಬೇಕು ಎಂದು ನಾನು ಹೇಳುವುದಿಲ್ಲ. ಆದರೆ ಆ ಮಾತುಕತೆಯಲ್ಲಿ ಹಕ್ಕಿಯ ವಿಷಯ ಒಮ್ಮೆಯಾದರೂ ಏಳಬೇಕು, ಎತ್ತಬೇಕಾದವನು ಕ್ಯಾಮೆರಾ ಹಿಡಿದವನು. ಯಾವ ಮರದಲ್ಲಿ ಯಾವುದು ಗೂಡು ಕಟ್ಟಿತ್ತು ಎಂದು ಚಿತ್ರ ತೆಗೆದು ತಾರೀಕು ಹಾಕಿಟ್ಟವನು ಆಮೇಲೂ ಅದೇ ಮರ ಕಡಿಸಬಹುದು. ನನಗೆ ಗೊತ್ತಿರಲಿಲ್ಲ ಎಂಬ ನೆವ ಮಾತ್ರ ಅವನಿಗೆ ಉಳಿಯುವುದಿಲ್ಲ.