ಗಣೇಶನಿಗೆ ಗಣೇಶನೇ ಪೈಪೋಟಿ



ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಕಾಲು ಚಾಚಿ ಕೂತಾಗ ನೋಡಲಿಕ್ಕೆ ಒಂದು ಒಳ್ಳೇ ನಗೆಚಿತ್ರ ಹೇಳಿ ಅಂದರೆ, ನನ್ನ ಬಾಯಿಗೆ ಮೊದಲು ಬರುವುದು 'ಗಣೇಶನ ಮದುವೆ'. 1990ರ ಚಿತ್ರ, ಫಣಿ ರಾಮಚಂದ್ರ ನಿರ್ದೇಶಕರು. ಕತೆ ತೆಲುಗಿನ ಮಲ್ಲಾದಿ ವೆಂಕಟಕೃಷ್ಣಮೂರ್ತಿಯವರದ್ದು, ಸಂಗೀತ ರಾಜನ್-ನಾಗೇಂದ್ರ. ಗಣೇಶ ಅನಂತನಾಗ್. ಆದಿಲಕ್ಷ್ಮಿ ನಮ್ಮ ಉಡುಪಿಯ ವಿನಯಾ ಪ್ರಸಾದ್! ಕುಂದಾಪುರ ಕಡೆಯ ನಮಗೆ ಆ ಹೆಮ್ಮೆ ಇರಬಾರದಾ?

ಕತೆ ನಡೆಯುವುದು ಒಂದು ವಠಾರದಲ್ಲಿ. ನಮ್ಮ ಕೋಡಿಯಲ್ಲಿ ಮನೆಗೊಂದು ಅಂಗಳ, ನಡುವೆ ತೆಂಗಿನ ಮರ. ವಠಾರ ಅಂದರೆ ಹಾಗಲ್ಲ, ಒಂದೇ ಅಂಗಳಕ್ಕೆ ನಾಲ್ಕಾರು ಮನೆ, ಒಬ್ಬರು ಸೀನಿದರೆ ಇನ್ನೊಬ್ಬರಿಗೆ ಕೇಳಬೇಕು. ವಠಾರದ ಯಜಮಾನ ರಮಣಮೂರ್ತಿಯಾಗಿ ಮುಖ್ಯಮಂತ್ರಿ ಚಂದ್ರು ಹೊಟ್ಟೆ ಹುಣ್ಣಾಗಿಸುತ್ತಾರೆ. ಗಣೇಶನಿಗೂ ಆದಿಲಕ್ಷ್ಮಿಗೂ ಹಾವು ಮುಂಗುಸಿಯ ಸಂಬಂಧ. ಆದರೆ ಆಕೆ 'ಶ್ರುತಿ' ಅನ್ನೋ ಹೆಸರಲ್ಲಿ ರೇಡಿಯೋದಲ್ಲಿ ಹಾಡ್ತಾಳೆ. ಆ ದನಿಗೆ ಮರುಳಾದ ಗಣೇಶ 'ವೈ.ಜಿ. ರಾವ್' ಆಗಿ ಕಾಗದ ಬರೀತಾನೆ. ಕಾಗದದಲ್ಲಿ ಪ್ರೀತಿ, ಅಂಗಳದಲ್ಲಿ ಜಗಳ!

ಪ್ರೇಮದ ಕತೆ ಅಂದರೆ ಒಬ್ಬ ಹುಡುಗಿಗೆ ಇಬ್ಬರು ಗಂಡಸರು ಪೈಪೋಟಿ ಮಾಡುವುದು ಹಳೇ ಕ್ರಮ. ಇಲ್ಲಿ ಗಣೇಶನಿಗೆ ಎದುರಾಳಿ ವೈ.ಜಿ. ರಾವ್, ಅಂದರೆ ಅವನೇ. ನೋಡುವ ನಮಗೆ ಗೊತ್ತು, ಅವರಿಬ್ಬರಿಗೆ ಗೊತ್ತಿಲ್ಲ. ನಗುವಿನ ಗುಟ್ಟೆಲ್ಲ ಅಲ್ಲಿದೆ.

ಸಿನಿಮಾದಲ್ಲಿ ಒರಟನ ಹಿಂದೆ ಒಳ್ಳೆಯವ ಇದ್ದ. ಜೀವನದಲ್ಲಿ ಕೆಲವು ಸಲ ತಿರುವುಮುರುವು. ನನ್ನ ತಂಗಿಯ ಮಗಳಿಗೆ ಸಂಬಂಧ ಕೂಡಿ ಬಂದಿತ್ತು. ನಾಲ್ಕು ತಿಂಗಳು ಫೋನಿನಲ್ಲೇ ಮಾತು. "ದೊಡ್ಡಮ್ಮಾ, ಅವ್ರ್ ಮಾತಾಡಿರೆ ಎಷ್ಟ್ ಚಂದ ಗೊತ್ತಿತ್ತಾ?" ಅಂತಿದ್ದಳು. ನಿಶ್ಚಯಕ್ಕೆ ಹಾಲ್ ಗೊತ್ತು ಮಾಡಿ ಮುಂಗಡವನ್ನೂ ಕೊಟ್ಟಾಗಿತ್ತು. ಅದಕ್ಕೆ ಮೊದಲು ಒಮ್ಮೆ ಆ ಮನೆಗೆ ಹೋಗಿ ಒಂದು ಹಗಲು ಇದ್ದು ಬರುವ ಅಂದೆ. ಹೋದೆವು. ಕಾಫಿ ಆರಿತೆಂದು ಆ ಹುಡುಗ ನಮ್ಮೆದುರೇ ತಾಯಿಯನ್ನು ಗದರಿಸಿದ. ಆಕೆ ತಲೆ ತಗ್ಗಿಸಿ ಲೋಟ ತೆಗೆದುಕೊಂಡು ಒಳಗೆ ಹೋದರು. ಅದು ದಿನಾ ನಡೆಯುವ ಸಂಗತಿ ಅಂತ ಅವರ ಮುಖವೇ ಹೇಳಿತು.

ಬರುವಾಗ ಬಸ್ಸಿನಲ್ಲಿ ಹುಡುಗಿ ತಾನಾಗಿಯೇ ಬೇಡ ಅಂದಳು. ತಂಗಿ ಅತ್ತಳು, "ಊರವ್ರ್ ಎಂತ ಹೇಳ್ತ್ರ್?" ಅಂತ. ಊರು ಎಂಟು ದಿನ ಮಾತಾಡಿತು. ಆ ಮನೆಯಲ್ಲಿ ಬಾಳಬೇಕಾದವಳು ಇವಳು, ಊರಲ್ಲವಲ್ಲ?

ಹಾಗಂತ ಒಂದು ಒರಟು ಮಾತಿಗೆ ಯಾರನ್ನೂ ತಳ್ಳಿಬಿಡಬೇಡಿ. ಹಾಗೆ ತಳ್ಳಿದರೆ ಗಣೇಶನ ಮದುವೆಯೇ ಆಗ್ತಿರಲಿಲ್ಲ! ಹುಡುಗ ತಾಯಿಯ ಹತ್ತಿರ, ಕೆಲಸದವರ ಹತ್ತಿರ ಹೇಗೆ ಮಾತಾಡ್ತಾನೆ ನೋಡಿ. ಸಿಟ್ಟು ಬಂದ ಮೇಲೆ ಹೇಗೆ ಇಳಿಯುತ್ತದೆ ನೋಡಿ. ನಮ್ಮ ಹುಡುಗಿಯರನ್ನೂ ಅವರು ಹೀಗೇ ನೋಡಲಿ, ಅಡ್ಡಿಯಿಲ್ಲ.

ಕೋಟೇಶ್ವರದ ಕೋಡಿ ಹಬ್ಬಕ್ಕೆ ಹೊಸ ಜೋಡಿಗಳು ಬಂದು ಕಬ್ಬು ಕೊಂಡು ಹೋಗುವುದನ್ನು ನೀವೂ ಕಂಡಿದ್ದೀರಿ. ನನ್ನ ತಂಗಿಯ ಮಗಳೂ ಒಂದು ವರ್ಷ ಹಾಗೆ ಕಬ್ಬು ಹಿಡಿದು ಬರ್ತಾಳೆ. ತಡವಾದರೆ ತಡ, ಅವಸರವೇನಿಲ್ಲ.

ಈ ವಾರ ಮಗಳೊಟ್ಟಿಗೆ ಕೂತು ಸಿನಿಮಾ ನೋಡಿ. ನಕ್ಕು ಮುಗಿದ ಮೇಲೆ ಮೆಲ್ಲಗೆ ಈ ಮಾತು ತೆಗೆಯಿರಿ. ಬುದ್ಧಿವಾದ ಅಂತ ಅವಳಿಗೆ ಅನ್ನಿಸುವುದೂ ಇಲ್ಲ.