ಅರ್ಧ ಕಾಣ್ತತಿ, ಅರ್ಧ ಅಂದಾಜು!

ಮೊನ್ನೆ ರಾತ್ರಿ ಮಲೇಬೆನ್ನೂರು ಕಡೆಯಿಂದ ದಾವಣಗೆರೆಗೆ ಬರುವ ಬಸ್ಸು. ಸೀಟು ತುಂಬಿ, ಬಾಗಿಲ ತನಕ ಜನ. ಎರಡೂ ಕಡೆ ತೆನೆಗಟ್ಟಿದ ಭತ್ತದ ಗದ್ದೆ. ಹೆಡ್‌ಲೈಟಿನ ಬೆಳಕಿಗೆ ಜಿಗಿಹುಳ, ಪತಂಗ, ಹೆಸರಿಲ್ಲದ ಹತ್ತಾರು ಜಾತಿ ಹುಳ ಮಳೆ ಸುರಿದ ಹಾಗೆ ಬಂದು ಗಾಜಿಗೆ ಅಪ್ಪಳಿಸುತ್ತಿದ್ದವು. ಡ್ರೈವರ್ ವೈಪರ್ ಹಾಕಿದ. ಸತ್ತ ಹುಳ ಅರೆದು ಗಾಜಿನ ತುಂಬ ಹರಡಿತೇ ಹೊರತು ಹೋಗಲಿಲ್ಲ. ಎದುರಿನಿಂದ ಲಾರಿಯೊಂದು ಬಂತು ನೋಡಿ, ಇಡೀ ಗಾಜು ಬೆಳ್ಳಗಾಯಿತು. ರಸ್ತೆಯೇ ಮಾಯ.

ಮುಂದಿನ ಸೀಟಿನಲ್ಲಿದ್ದ ಹಿರಿಯರೊಬ್ಬರು ಹೆದರಿ ಕೇಳಿದರು: "ಏನಪ್ಪಾ, ರಸ್ತೆ ಕಾಣ್ತತೋ ಇಲ್ಲೋ?"

"ಅರ್ಧ ಕಾಣ್ತತಿ ಅಜ್ಜಾರ, ಅರ್ಧ ಅಂದಾಜು" ಅಂದ ಡ್ರೈವರ್.

ಬಸ್ಸಿನವರೆಲ್ಲ ನಕ್ಕರು. ನಾವೂ ನಕ್ಕೆವು. ಮನೆಗೆ ಬಂದು ಊಟಕ್ಕೆ ಕೂತಾಗ ಮಾತ್ರ ಆ ನಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಐವತ್ತು ಅರವತ್ತು ಜನರ ಜೀವ ಅಂದಾಜಿನ ಮೇಲೆ ಓಡುತ್ತಿದೆಯೇ? ಟಿಕೆಟ್ಟಿಗೆ ಪೂರ್ತಿ ದುಡ್ಡು, ರಸ್ತೆ ಮಾತ್ರ ಅರ್ಧ. ಇದ್ಯಾವ ವ್ಯಾಪಾರ ಸ್ವಾಮಿ?

ಮಾರನೆಯ ದಿನ ಬಸ್ ನಿಲ್ದಾಣದಲ್ಲಿ ನಿಂತು ನೋಡಿದೆವು. ಬಂದ ಬಸ್ಸು ಹೋದ ಬಸ್ಸುಗಳಲ್ಲಿ ಮುಂದಿನ ಗಾಜನ್ನು ನೀರು ಹಾಕಿ ಒರೆಸಿದವರು ಬೆರಳೆಣಿಕೆ. ದೇವರ ಫೋಟೋಕ್ಕೆ ಹೊಸ ಹೂವಿನ ಹಾರ ಇದೆ, ಊದುಬತ್ತಿ ಇದೆ. ಅದರ ಮುಂದಿನ ಗಾಜಿಗೆ ಒಂದು ತಂಬಿಗೆ ನೀರಿಲ್ಲ! ಕ್ಲೀನರ್ ಹುಡುಗ ಒಣ ಬಟ್ಟೆ ತಗೊಂಡು ಉಜ್ಜುತ್ತಿದ್ದ. ಯಾಕಪ್ಪಾ ಅಂದರೆ, "ಬಕೀಟು ಕೊಟ್ಟಿಲ್ಲ ಸಾರ್" ಅಂದ. ತಪ್ಪು ಹುಡುಗನದಲ್ಲ. ಬಕೀಟು ಕೊಡಬೇಕಾದವರು ಬೇರೆ.

ಒಣ ಬಟ್ಟೆಯಲ್ಲಿ ಉಜ್ಜಿದರೆ ಆಗುವುದೇನು? ಗಾಜಿನ ಮೇಲೆ ಬರೀ ಹುಳ ಇರುವುದಿಲ್ಲ, ರಸ್ತೆಯ ಮರಳುಪುಡಿಯೂ ಇರುತ್ತದೆ. ಅದು ಬಟ್ಟೆಯ ಕೆಳಗೆ ಸಿಕ್ಕಿ ಗೀರು ಹಾಕುತ್ತದೆ. ವೈಪರ್ ರಬ್ಬರೂ ಹಾಳು. ಆ ಗೀರುಗಳಿಗೆ ರಾತ್ರಿ ಎದುರು ಬೆಳಕು ಬಿದ್ದರೆ ಮತ್ತೆ ಕಣ್ಣು ಕೋರೈಸುತ್ತದೆ. ಇಂದಿನ ಸೋಮಾರಿತನ ನಾಳೆಯ ಅಪಘಾತ.

ಮದ್ದು ಮಾತ್ರ ಬಲು ಅಗ್ಗ. ಹಳೇ ಪೇಪರನ್ನು ನೀರಲ್ಲಿ ಅದ್ದಿ ಗಾಜಿನ ಮೇಲೆ ಅಂಟಿಸಿ. ಒಂದು ಚಹಾ ಕುಡಿದು ಬರುವಷ್ಟರಲ್ಲಿ ಒಣಗಿ ಕಲ್ಲಾದ ಹುಳ ನೆನೆದು ಮೆತ್ತಗಾಗಿರುತ್ತದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೆ ಸಾಕು. ನಿನ್ನೆಯ ನಮ್ಮ ಪತ್ರಿಕೆಯನ್ನೇ ಬಳಸಿ, ನಮಗೇನೂ ಬೇಸರವಿಲ್ಲ. ಓದಿದ ಮೇಲೆ ಬಳಸಿ, ಅಷ್ಟೇ!

ಸ್ವಂತ ಕಾರು ಇರುವ ಅಂಗಡಿಯವರಿಗೂ ಒಂದು ಮಾತು. ಬಾನೆಟ್ಟಿಗೆ ಅಂಟಿದ ಹುಳವನ್ನು ಭಾನುವಾರದ ತನಕ ಬಿಡಬೇಡಿ. ಹುಳದ ಒಡಲ ರಸ ಬಿಸಿಲಿಗೆ ಗಟ್ಟಿಯಾಗಿ ಬಣ್ಣವನ್ನೇ ತಿನ್ನುತ್ತದೆ. ಹಕ್ಕಿ ಹಿಕ್ಕೆಯದೂ ಇದೇ ಕತೆ. ಹಾಗಂತ ಪಾತ್ರೆ ಉಜ್ಜುವ ತಂತಿ ಹಿಡಿದು ಹೊರಡಬೇಡಿ, ಹುಳದ ಜೊತೆ ಬಣ್ಣವೂ ಬರುತ್ತದೆ. ಇಲ್ಲಿ ಪೇಪರ್ ಬೇಡ, ಒದ್ದೆ ಬಟ್ಟೆಯನ್ನೇ ಹತ್ತು ನಿಮಿಷ ಹೊದಿಸಿ. ಗಾಡಿ ನೆರಳಲ್ಲಿರಲಿ. ಮೇಲಿನಿಂದ ಕೆಳಕ್ಕೆ ತೊಳೆಯಿರಿ, ಚಕ್ರ ಕೊನೆಗೆ. ಸೋಪಿನ ನೀರಿಗೊಂದು ಬಕೀಟು, ಬಟ್ಟೆ ಜಾಲಿಸುವುದಕ್ಕೊಂದು ಬಕೀಟು. ಡಾಂಬರಿನ ಚುಕ್ಕೆ ಅಂಟಿದ್ದರೆ ಅಡುಗೆ ಎಣ್ಣೆ ಸವರಿ, ಸ್ವಲ್ಪ ಬಿಟ್ಟು, ಒರೆಸಿ ತೊಳೆಯಿರಿ.

ಲೆಕ್ಕ ನೋಡಿ. 15 ಲೀಟರಿನ ಎರಡು ಬಕೀಟು ಅಂದರೆ 30 ಲೀಟರ್. ನಿಮಿಷಕ್ಕೆ 10 ಲೀಟರ್ ಸುರಿಯುವ ಪೈಪು ಹಿಡಿದು ಅರ್ಧ ಗಂಟೆ ನಿಂತರೆ 300 ಲೀಟರ್. ಜಲಜೀವನ್ ಮಿಷನ್ ಲೆಕ್ಕದಲ್ಲಿ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರ್ ನೀರು. ಅಂದರೆ ಐದು ಜನರ ದಿನದ ನೀರನ್ನು ನಾವು ಕಾರಿಗೆ ಕುಡಿಸಿ ಮೋರಿಗೆ ಬಿಡುತ್ತೇವೆ. ಬರ ಬಿದ್ದ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಅಂತ ಘೋಷಣೆಯಾದದ್ದು, ಭದ್ರಾ ನೀರಿಗಾಗಿ ನಮ್ಮ ರೈತರು ಬೀದಿಗಿಳಿದದ್ದು ಇಷ್ಟು ಬೇಗ ಮರೆತುಹೋಯಿತೇ? ಅದರ ಮರುವರ್ಷ, 2024ರ ಮಾರ್ಚಿನಲ್ಲಿ, ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಬೆಂಗಳೂರು ಜಲಮಂಡಳಿ ಆಜ್ಞೆ ಹೊರಡಿಸಬೇಕಾಯಿತು. ನಮ್ಮೂರಿಗೂ ಆ ದಿನ ಬರಲಿ ಅಂತ ಕಾಯಬೇಕೇ?

ಇನ್ನು ನಾಲೆಯ ಕತೆ. ಲಾರಿ, ಟ್ರ್ಯಾಕ್ಟರ್, ಟೆಂಪೋಗಳನ್ನು ನಾಲೆಯ ದಂಡೆಗೆ ನಿಲ್ಲಿಸಿ ತೊಳೆಯುವುದು ನಮ್ಮ ಕಡೆ ಹೊಸದೇನಲ್ಲ. ಮಣ್ಣಿನ ಜೊತೆ ಡೀಸೆಲ್ಲು, ಗ್ರೀಸು, ಸೋಪು ಎಲ್ಲ ನಾಲೆಗೆ. ಇದೇ ಭದ್ರಾ ನೀರು ಕೆಳಗೆ ಗದ್ದೆಗೆ ಹೋಗುತ್ತದೆ. ಇದೇ ನೀರು ಕುಂದುವಾಡ ಕೆರೆ ತುಂಬಿ, ಅಲ್ಲಿಂದ ದಾವಣಗೆರೆಯ ನಲ್ಲಿಗೆ ಬರುತ್ತದೆ. ಬೆಳಿಗ್ಗೆ ನಾಲೆಯಲ್ಲಿ ಲಾರಿ ತೊಳೆದವನು ಸಂಜೆ ಮನೆಗೆ ಬಂದು ಅದೇ ನೀರಿನ ಚಹಾ ಕುಡಿಯುತ್ತಾನೆ! ಹರಿಯುವ ನೀರಿಗೆ ಹೊಲಸು ಬಿಡಬಾರದು ಅಂತ 1974ರಲ್ಲೇ ಜಲಮಾಲಿನ್ಯ ತಡೆ ಕಾಯ್ದೆ ಬಂದಿದೆ. ಕಾಯ್ದೆ ಪುಸ್ತಕದಲ್ಲಿದೆ, ಲಾರಿ ನಾಲೆಯಲ್ಲಿದೆ.

ಡ್ರೈವರ್‌ಗಳನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ. ಅವರೂ ಒಂದು ಮಾತು ಕೇಳುತ್ತಾರೆ: "ಇಲ್ಲಿ ಬ್ಯಾಡ ಅಂದ್ರೆ ಎಲ್ಲಿ ತೊಳಿಯಾದು, ಜಾಗ ತೋರ್ಸ್ರಿ." ನ್ಯಾಯವಾದ ಪ್ರಶ್ನೆ. ಸರ್ವಿಸ್ ಸ್ಟೇಷನ್ನಿಗೆ ಕೊಡುವ ದುಡ್ಡು ದಿನಗೂಲಿಯ ಡ್ರೈವರ್ ಜೇಬಿನಿಂದ ಬರುವುದಲ್ಲ.

ಆದ್ದರಿಂದ ನಾವು ಕೇಳುವುದು ಮೂರೇ.

ಒಂದು: ಬಸ್ ಮಾಲೀಕರು, ಸರ್ಕಾರಿಯಾಗಲಿ ಖಾಸಗಿಯಾಗಲಿ, ಪ್ರತಿ ಬಸ್ಸಿಗೆ ಒಂದು ಬಕೀಟು, ಎರಡು ಬಟ್ಟೆ ಕೊಡಲಿ. ಕತ್ತಲಾದ ಮೇಲೆ ಹೊರಡುವ ಯಾವ ಬಸ್ಸೂ ಗಾಜು, ಹೆಡ್‌ಲೈಟು ಒರೆಸದೆ ನಿಲ್ದಾಣ ಬಿಡಬಾರದು. ಐದು ನಿಮಿಷ ತಡವಾದರೆ ಪ್ರಯಾಣಿಕರು ಬೈಯುವುದಿಲ್ಲ, ನಾವು ಗ್ಯಾರಂಟಿ.

ಎರಡು: ಮಹಾನಗರ ಪಾಲಿಕೆ ಊರ ಹೊರಗೊಂದು ತೊಳೆಯುವ ಕಟ್ಟೆ ಕಟ್ಟಿಸಲಿ. ಶುದ್ಧೀಕರಿಸಿದ ಚರಂಡಿ ನೀರೇ ಗಾಡಿಗೆ ಸಾಕು. ಎಣ್ಣೆ ತಡೆಯುವ ಗುಂಡಿ ಇರಲಿ. ಬಡ ಡ್ರೈವರ್‌ಗೆ ಭಾರವಾಗದ ದರ ಇಡಲಿ.

ಮೂರು: ಕಟ್ಟೆ ಆದ ಮೇಲೆ ನಾಲೆಗೆ ಇಳಿದ ಗಾಡಿಗೆ ಮುಲಾಜಿಲ್ಲದೆ ದಂಡ ಹಾಕಲಿ. ಮೊದಲು ಜಾಗ, ಆಮೇಲೆ ದಂಡ. ಈ ಕ್ರಮ ತಿರುಗುಮುರುಗಾದರೆ ಅದು ವಸೂಲಿಯಾದೀತೇ ಹೊರತು ಸುಧಾರಣೆಯಾಗದು.

ಪ್ರಯಾಣಿಕರೇ, ನಿಮಗೂ ಒಂದು ಕೆಲಸ ಇದೆ. ಇವತ್ತು ಸಂಜೆ ಬಸ್ಸು ಹತ್ತುವ ಮುಂಚೆ ಮುಂದಿನ ಗಾಜು ನೋಡಿ. ಕೊಳೆಯಾಗಿದ್ದರೆ ಜಗಳ ಬೇಡ, "ಅಣ್ಣಾ, ಗಾಜು ಒರೆಸಿ ಬಿಡ್ರಿ, ಕಾಯ್ತೀವಿ" ಅಂತ ನಾಲ್ಕು ಜನ ಕೂಡಿ ಹೇಳಿ. ಮನೆಯಲ್ಲಿ ಕಾಯುವವರು ನಿಮ್ಮನ್ನು ಪೂರ್ತಿಯಾಗಿ ಕಾಯುತ್ತಿರುತ್ತಾರೆ, ಅಂದಾಜಿನಲ್ಲಲ್ಲ.